ಜಾತಿ ಲೆಕ್ಕ ನೋಡಿ ಲೋಕಸಭೆಗೆ ಯಾರು ಗೆಲ್ತಾರೆ ಅಂತ ಹೇಳಬಹುದಾ?

ಮತದಾರರ ಪಟ್ಟಿ ಹಿಡಿದು ಊರಿನ ಜಾತಿ ಲೆಕ್ಕ ಹಾಕಿದ್ದೀನಿ, ಬೆಟ್ ಕಟ್ಟಬಹುದಾ, ಅಮೆರಿಕದಲ್ಲೂ ಬಣ್ಣ ನೋಡಿಯೇ ಓಟು ಹಾಕೋದು ಅಲ್ವಾ ಅಂತ ಕೇಳಿದ್ದೀರಿ. ಅಯ್ಯೋ ಸ್ವಾಮಿ, ಇದೇ ಲೆಕ್ಕ ಹಾಕಿ 1999ರಲ್ಲಿ ಹಾಸನದಲ್ಲಿ ನಾನು ಒಂದು ಬೆಳೆ ಆಲೂಗಡ್ಡೆ ದುಡ್ಡು ಕಳೆದುಕೊಂಡೆ.

ಆ ಸಲ ದೇವೇಗೌಡರು ನಿಂತಿದ್ದರು. ಮೂರು ವರ್ಷದ ಹಿಂದೆ ದೇಶದ ಪ್ರಧಾನಿ ಆದವರು, ನಮ್ಮ ಜಿಲ್ಲೆಯವರು, ನಮ್ಮ ಒಕ್ಕಲಿಗರು. ನಾನು ಬೂತ್ ಏಜೆಂಟ್. ಪಟ್ಟಿ ಜೆರಾಕ್ಸ್ ಮಾಡಿಸಿ ಕೆಂಪು ಪೆನ್ನು ಹಿಡಿದು ಕೂತೆ. ಹೆಸರಿನ ಕೊನೆಗೆ ಗೌಡ ಅಂತಿದ್ದರೆ ಒಂದು ಟಿಕ್. ಹೆಂಗಸರಾದರೆ ಗಂಡನ ಹೆಸರು ನೋಡಿ ಟಿಕ್. ಪುಟಕ್ಕೆ ಪುಟವೇ ಕೆಂಪಾಯ್ತು. ಆಲೂಗಡ್ಡೆ ಆಗತಾನೆ ಕಿತ್ತು ಮಾರಿದ್ದೆವು. ಸೊಸೈಟಿ ಸಾಲಕ್ಕೆ ಕಟ್ಟಬೇಕಿದ್ದ ದುಡ್ಡನ್ನ ಪೂರ್ತಿ ಬೆಟ್ಟಿಗೆ ಇಟ್ಟೆ.

ಎಡವಿದ್ದು ಎಲ್ಲಿ ಅಂತ ಬಿಡಿಸಿಯೇ ಹೇಳ್ತೀನಿ. ಎದುರಿಗೆ ಕಾಂಗ್ರೆಸ್‌ನಿಂದ ನಿಂತಿದ್ದವರು ಜಿ. ಪುಟ್ಟಸ್ವಾಮಿಗೌಡರು. ಅವರೂ ಒಕ್ಕಲಿಗರೇ! ಅಂದರೆ ನಾನು ಹಾಕಿದ ಒಂದೊಂದು ಟಿಕ್ಕೂ ಇಬ್ಬರ ಪಾಲಿನದು. ಗೊತ್ತಿರಲಿಲ್ಲ ಅಂತಲ್ಲ. ಪ್ರಧಾನಿ ಆಗಿದ್ದವರು ಇರುವಾಗ ಇನ್ನೊಬ್ಬರಿಗೆ ಯಾರು ಹಾಕ್ತಾರೆ ಅನ್ನೋ ಜಂಬ. ಇನ್ನು ಟಿಕ್ ಇಲ್ಲದ ಹೆಸರುಗಳ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಜಾತಿಯ ಓಟು ಎರಡು ಪಾಲಾದಾಗ ಗೆಲ್ಲಿಸೋರು ಉಳಿದವರು. ಅರಸೀಕೆರೆ ಕಡೆಯ ಲಿಂಗಾಯತರು, ಕುರುಬರು, ದಲಿತರು, ಮುಸ್ಲಿಮರು ಎಲ್ಲರೂ ನನ್ನ ಪಟ್ಟಿಯಲ್ಲಿ ಬರೀ ಖಾಲಿ ಜಾಗ. ಜನತಾದಳ ಅದೇ ವರ್ಷ ಒಡೆದು, ಜೆ.ಎಚ್. ಪಟೇಲರ ಬಣ ಬಿಜೆಪಿ ಜೊತೆ ಸೇರಿತ್ತು. ಅದೂ ಲೆಕ್ಕಕ್ಕೆ ಬರಲಿಲ್ಲ.

ಓಟಿನ ಹಿಂದಿನ ದಿನ ಪಕ್ಕದ ಮನೆ ದೊಡ್ಡವ್ವ ರಾಗಿ ಕೇರುತ್ತಾ ಹೇಳಿದ್ದಳು: ‘ಇಬ್ರೂ ನಮ್ಮೋರೇ ಅಲ್ವೇನ್ಲಾ? ನನ್ನ ಪಿಂಚಣಿ ನಿಂತೋಗೈತೆ. ಅದನ್ನ ಯಾರು ಕೊಡುಸ್ತಾರೆ ಅದ್ನ ಹೇಳು.’ ನಾನು ನಕ್ಕು ಅವಳ ಹೆಸರಿಗೂ ಟಿಕ್ ಹಾಕಿದೆ. ದೇವೇಗೌಡರು ಸೋತರು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಜಾತಿ ಜಾಸ್ತಿ ಕೆಲಸ ಮಾಡೋದು ಟಿಕೆಟ್ ಹಂಚುವಾಗ. ಎಲ್ಲ ಪಕ್ಷದವರೂ ಅದೇ ಲೆಕ್ಕ ಹಾಕಿ ಅದೇ ಜಾತಿಯವರನ್ನು ನಿಲ್ಲಿಸಿದ ಮೇಲೆ ಬೂತ್‌ನಲ್ಲಿ ಅದಕ್ಕೆ ಏನು ಬೆಲೆ? 2024ರಲ್ಲೂ ಹಾಸನದಲ್ಲಿ ಅದೇ ಎರಡು ಮನೆಯ ಮೊಮ್ಮಕ್ಕಳು ಎದುರು ಬದುರು ನಿಂತರು. ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ಗೆದ್ದರು.

ಪಕ್ಕದ ಚಿಕ್ಕಮಗಳೂರನ್ನೇ ನೋಡಿ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಗೆ ಇಲ್ಲಿ ಯಾವ ಜಾತಿ ಬಲ ಇತ್ತು? ಹುಟ್ಟಿದ್ದು ಕಾಶ್ಮೀರಿ ಪಂಡಿತರ ಮನೆಯಲ್ಲಿ, ಕನ್ನಡ ಬಾರದು. ಎದುರಿಗೆ ಹಿಂದೊಮ್ಮೆ ಮುಖ್ಯಮಂತ್ರಿ ಆಗಿದ್ದ ಲಿಂಗಾಯತ ನಾಯಕ ವೀರೇಂದ್ರ ಪಾಟೀಲರು. ಆದರೂ ಆಕೆ 70 ಸಾವಿರಕ್ಕೂ ಜಾಸ್ತಿ ಓಟಿನಿಂದ ಗೆದ್ದರು. ದೇವರಾಜ ಅರಸರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಮೀನು ಸಿಕ್ಕಿತ್ತಲ್ಲ, ಆ ಋಣ ದೊಡ್ಡದಿತ್ತು ಅಂತ ನನ್ನ ಲೆಕ್ಕ. ಅರಸರ ಜಾತಿಯಾದರೂ ಎಷ್ಟು ಜನ, ಹೇಳಿ?

ಅಮೆರಿಕದಲ್ಲಿ ಬಣ್ಣ ಲೆಕ್ಕಕ್ಕೇ ಇಲ್ಲ ಅಂತ ಹೇಳಲ್ಲ. 1964ರಲ್ಲಿ ಜಾನ್ಸನ್ ಗೆದ್ದ ಮೇಲೆ ಯಾವ ಡೆಮಾಕ್ರಟ್ ಅಭ್ಯರ್ಥಿಗೂ ಬಿಳಿಯರ ಬಹುಮತ ಸಿಕ್ಕಿಲ್ಲ. ಆದರೆ 2008ರ ಮತಗಟ್ಟೆ ಸಮೀಕ್ಷೆ ಪ್ರಕಾರ ಒಬಾಮಾಗೆ ಬಿಳಿಯರ ಓಟು ಶೇ. 43, ಅದಕ್ಕೆ ಮುಂಚೆ 2004ರಲ್ಲಿ ಅದೇ ಪಕ್ಷದಿಂದ ನಿಂತಿದ್ದ, ಬಿಳಿಯರೇ ಆದ ಜಾನ್ ಕೆರ್ರಿಗೆ ಶೇ. 41. ಯುದ್ಧ, ಬ್ಯಾಂಕ್ ಮುಳುಗಿದ್ದು, ಕೆಲಸ ಹೋಗಿದ್ದು ಇವೂ ಓಟು ಹಾಕಿಸ್ತಾವೆ.

ಪಟ್ಟಿ ಇಟ್ಟುಕೊಳ್ಳಲೇಬೇಕು ಅಂದರೆ ಹೆಸರಿನ ಪಕ್ಕ ಜಾತಿ ಬರೆಯಬೇಡಿ. ಯಾರ ಪಿಂಚಣಿ ನಿಂತಿದೆ, ಯಾರ ಖಾತೆ ಆಗಿಲ್ಲ ಅಂತ ಬರೆಯಿರಿ. ಆಲೂರು, ಸಕಲೇಶಪುರದ ಕಡೆಯವರಾದರೆ ಯಾರ ಗದ್ದೆಗೆ ಆನೆ ನುಗ್ಗಿತ್ತು ಅನ್ನೋದನ್ನೂ ಸೇರಿಸಿ. ಬೆಟ್ ಮಾತ್ರ ಬೇಡ.