ಉಕುಲೆಲೆ ಮಾಡಲು ಮರದ ಪಟ್ಟಿ ಬಾಗಿಸುವುದು ಹೇಗೆ? ರಾತ್ರಿಯಿಡೀ ನೆನೆಸಿದರೂ ಮುರಿಯುತ್ತಿದೆ

ನಿಮ್ಮ ಪ್ರಶ್ನೆ ಇಷ್ಟು: ಧಾರವಾಡದಲ್ಲಿದ್ದೀರಿ, ಮನೆಯಲ್ಲೇ ಉಕುಲೆಲೆ (ಗಿಟಾರಿನಂಥ, ನಾಲ್ಕು ತಂತಿಯ ಪುಟ್ಟ ವಾದ್ಯ) ಮಾಡಲು ಹೊರಟಿದ್ದೀರಿ. ಸಾಮಿಲ್‌ನಲ್ಲಿ ಸಾಗವಾನಿ ಪಟ್ಟಿ ಸೀಳಿಸಿ ತಂದು, ರಾತ್ರಿಯೆಲ್ಲ ಬಕೆಟ್ ನೀರಲ್ಲಿ ಇಟ್ಟು, ಬೆಳಿಗ್ಗೆ ಅಚ್ಚಿಗೆ ಹಚ್ಚಿ ಕ್ಲಾಂಪ್ ಬಿಗಿದರೆ ಸೊಂಟದ ಹತ್ತಿರ, ಅಂದರೆ ವಾದ್ಯದ ಒಡಲು ನಡುವೆ ಒಳಕ್ಕೆ ಬಾಗುವ ಕಡೆ, ಪಟ್ ಅಂತ ಮುರಿಯುತ್ತದೆ. ಇನ್ನೂ ಎರಡು ದಿನ ಜಾಸ್ತಿ ನೆನೆಸಬೇಕಾ, ಇಲ್ಲಾ ಕುಕ್ಕರ್ ಹಬೆ ಕೊಡಬೇಕಾ ಅಂತ ಕೇಳಿದ್ದೀರಿ.

ಬೇಡ. ವಾರ ನೆನೆಸಿದರೂ ಅದೇ ಕಥೆ. ಮರವನ್ನು ಬಾಗಿಸೋದು ಬಿಸಿ. ನೀರು ಅದರ ಕೈಯಾಳು, ಅಷ್ಟೇ.

ನಾನು ಹುಬ್ಬಳ್ಳಿಯವನು. ವೃತ್ತಿಯಿಂದ ಬಡಿಗನಲ್ಲ, ಬಿಡುವು ಸಿಕ್ಕಾಗ ಉಕುಲೆಲೆ, ಹಲಗೆ (ಬಡಿಯುವ ಚರ್ಮವಾದ್ಯ) ಮಾಡಿಕೊಂಡು ಕೂರುವವನು. ಗೊತ್ತಿರೋದನ್ನು ಹೇಳುತ್ತೇನೆ.

ಮರದೊಳಗೆ ಉದ್ದುದ್ದ ನಾರುಗಳಿರುತ್ತವೆ. ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರೋದು ಲಿಗ್ನಿನ್ ಅನ್ನೋ ವಸ್ತು. ತಣ್ಣೀರಿಗೆ ಅದು ಜಗ್ಗೋದಿಲ್ಲ. ತೇವ ಇರುವ ಮರ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಲಿಗ್ನಿನ್ ಮೆತ್ತಗಾಗುತ್ತದೆ, ನಾರುಗಳು ಒಂದರ ಪಕ್ಕ ಒಂದು ಸರಿಯುತ್ತವೆ. ಆರಿದ ಮೇಲೆ ಅಲ್ಲೇ ಗಟ್ಟಿಯಾಗಿ ಕೂರುತ್ತವೆ. ನಮ್ಮ ಜೋಳದ ರೊಟ್ಟಿ ಹೆಂಚಿನಿಂದ ಇಳಿಸಿದ ಕೂಡಲೇ ಹೇಗೆ ಬೇಕಾದರೂ ಮಡಚುತ್ತದೆ, ಕಟಕ್ ಆದ ಮೇಲೆ ಮುಟ್ಟಿದರೆ ಚೂರು. ಲೆಕ್ಕ ಅದೇ. ನೀರು ಬಿಸಿಯನ್ನು ಒಳಗೆ ಒಯ್ಯುತ್ತದೆ, ಮರ ಕರಕಲಾಗದಂತೆ ತಡೆಯುತ್ತದೆ. ಉಕುಲೆಲೆಯ ತೆಳು ಪಟ್ಟಿಗೆ ಅರ್ಧ ಗಂಟೆ ನೆನೆಸಿದರೆ ಸಾಕು.

ತೆಳು ಅಂದೆ. ನಿಮ್ಮ ಪಟ್ಟಿ ಎಷ್ಟು ದಪ್ಪ ಅಂತ ನೀವು ಬರೆದೇ ಇಲ್ಲ. ನನಗೆ ಅನುಮಾನ ಇರೋದು ಅಲ್ಲೇ. ಸಾಮಿಲ್‌ನವರು ಸಾಮಾನ್ಯವಾಗಿ 4-5 ಮಿ.ಮೀ.ಗಿಂತ ತೆಳ್ಳಗೆ ಸೀಳಿಕೊಡೋದಿಲ್ಲ. ಉಕುಲೆಲೆಯ ಪಕ್ಕಕ್ಕೆ ಬೇಕಾದದ್ದು 1.5ರಿಂದ 1.8 ಮಿ.ಮೀ. ಗಿಟಾರಿಗೇ 2ರಿಂದ 2.5 ಸಾಕು. ದಪ್ಪ ಎರಡು ಪಟ್ಟಾದರೆ ಮರದ ಬಿಗುವು ಎಂಟು ಪಟ್ಟಾಗುತ್ತದೆ. ಹಾಗಾಗಿ 4 ಮಿ.ಮೀ. ಪಟ್ಟಿಯ ಜೊತೆ ಗುದ್ದಾಡೋದು ಸುಮ್ನೆ ದಂಡ. ರಂದಾ ಹೊಡೆದು, ಆಮೇಲೆ ಸ್ಯಾಂಡ್ ಪೇಪರ್ ಹಚ್ಚಿದ ಚಪ್ಪಟೆ ಹಲಗೆಯಿಂದ ಉಜ್ಜಿ ಇಳಿಸಿ. ವರ್ನಿಯರ್ ಹಿಡಿದು ಹತ್ತಾರು ಕಡೆ ಅಳೆಯಿರಿ. ಒಂದು ಕಡೆ ಮಾತ್ರ ತೆಳ್ಳಗಿದ್ದರೆ ಬಾಗೋದೆಲ್ಲ ಅಲ್ಲೇ ಬಾಗಿ, ದುಂಡು ಬರೋ ಬದಲು ಮೂಲೆ ಬರುತ್ತದೆ.

ಇನ್ನು ಮರದ ಎಳೆ, ಅಂದರೆ ನಾರು ಹೋಗುವ ದಿಕ್ಕು. ಪಟ್ಟಿಯ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಎಳೆಗಳು ಈ ತುದಿಯಿಂದ ಆ ತುದಿಗೆ ನೇರ ಹೋಗಬೇಕು. ಮಧ್ಯದಲ್ಲೇ ಓರೆಯಾಗಿ ಹೊರಗೆ ಬಂದಿದ್ದರೆ ಆ ಪಟ್ಟಿ ಅಲ್ಲೇ ಸಿಬಿರೆದ್ದು ಬಿಡುತ್ತದೆ, ಎಷ್ಟು ಬಿಸಿ ಕೊಟ್ಟರೂ ಅಷ್ಟೇ. ಅನುಮಾನ ಇದ್ದರೆ ಅದೇ ಹಲಗೆಯ ಒಂದು ತುಂಡನ್ನು ಉಳಿಯಿಂದ ಸೀಳಿ ನೋಡಿ. ಸೀಳು ಯಾವ ದಾರಿ ಹಿಡಿಯುತ್ತದೋ ಅದೇ ಎಳೆಯ ದಾರಿ. ಗಂಟು ಇರೋ ಪಟ್ಟಿಯನ್ನು ಎತ್ತಿಡಿ, ಬೇರೆ ಕೆಲಸಕ್ಕೆ ಬರುತ್ತದೆ.

ಸಾಗವಾನಿ ಬಾಗೋದಿಲ್ಲ ಅಂತಲ್ಲ, ಬಾಗುತ್ತದೆ. ಆದರೆ ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಿಡಿಯೋದು ಕಷ್ಟ. ಅಂಟಿಸುವ ಮುಂಚೆ ಆ ಜಾಗವನ್ನು ತಿನ್ನರ್‌ನಲ್ಲಿ ಒರೆಸಿ. ಬೀಟೆ ಸಿಕ್ಕರೆ ಇನ್ನೂ ಚೆಂದ. ಬಿಸಿಗೆ ಬಾಗಿದ ಆಕಾರವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು, ಪಕ್ಕ ನಮ್ಮ ಕಡೆಯ ಬೀಟೆಯದ್ದೇ. ಆದರೆ ಅದರ ಕಡಿತಕ್ಕೂ ಸಾಗಾಟಕ್ಕೂ ಕಾನೂನು ಬಿಗಿ ಇದೆ. ಬಿಲ್ಲಿಲ್ಲದ ಮರದ ತಂಟೆಗೆ ಹೋಗಬೇಡಿ. ಹಳೆ ಮನೆ ಕೆಡವಿದಾಗ ಬರುವ ಮಂಚ, ಕಪಾಟಿನ ಹಲಗೆಗಳಲ್ಲಿ ನೇರ ಎಳೆಗಳಿರುವ ಒಳ್ಳೆ ಮರ ಸಿಗುತ್ತದೆ. ಒಂದು ಉಕುಲೆಲೆಗೆ ಬೇಕಾಗೋದೇ ಎಷ್ಟು? ಪ್ಲೈವುಡ್ ಮಾತ್ರ ನೆನೆಸಿ ಬಾಗಿಸಲು ಹೋಗಬೇಡಿ. ಮಧ್ಯದ ಪದರ ಅಡ್ಡ ಇರುತ್ತದೆ, ಪದರ ಬಿಚ್ಚುತ್ತದೆ.

ಈಗ ಬಿಸಿ ಪೈಪು. ಗಿಟಾರ್, ಪಿಟೀಲು ಮಾಡುವವರು ಲೋಕದ ತುಂಬ ಬಳಸೋ ಹಳೆ ವಿಧಾನ ಇದು. ಸುಮಾರು 2 ಇಂಚು ವ್ಯಾಸದ, ಒಂದಡಿ ಉದ್ದದ ಪೈಪ್ ತನ್ನಿ. ಗುಜರಿಯಲ್ಲಿ ಸಿಗುತ್ತದೆ. ಅಲ್ಯೂಮಿನಿಯಂ ಇರಲಿ. ನಲ್ಲಿಯ ಜಿಐ ಪೈಪ್ ಬೇಡ. ಅದಕ್ಕೆ ಸತುವಿನ ಲೇಪ ಇರುತ್ತದೆ. ಬೆಂಕಿ ನೇರ ತಾಗಿದರೆ ಹೊಗೆ ಏಳುತ್ತದೆ, ಅದನ್ನು ಕುಡಿದರೆ ಜ್ವರ ಬಂದು ಮಲಗುತ್ತೀರಿ. ಪೈಪನ್ನು ವೈಸ್‌ಗೆ ಅಡ್ಡ ಕಚ್ಚಿಸಿ, ಒಂದು ಬಾಯಿಂದ ಹೀಟ್ ಗನ್ ಅಥವಾ ಬ್ಲೋ ಟಾರ್ಚ್ ಬಿಡಿ. ಇನ್ನೊಂದು ಬಾಯಿ ತೆರೆದೇ ಇರಲಿ. ಕಿಟಕಿ ತೆಗೆದಿಡಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಕೈಗೆ ದಪ್ಪ ಚರ್ಮದ ಗ್ಲೌಸ್.

ಪೈಪ್ ಕಾದಿದೆಯಾ ಅಂತ ನೋಡಲು ನೀರು ಚಿಮುಕಿಸಿ. ಹನಿ ಸುಮ್ಮನೆ ಕೂತು ಆವಿಯಾದರೆ ಇನ್ನೂ ಸಾಲದು. ಚುಂಯ್ ಅಂತ ಕುಣಿದು ಉರುಳಿ ಹೋಗಬೇಕು. ಪಟ್ಟಿ ಮುಟ್ಟಿಸಿದ ಕೂಡಲೇ ಕಂದು ಕಲೆ ಬಿದ್ದರೆ ಜಾಸ್ತಿಯಾಯಿತು, ಉರಿ ಇಳಿಸಿ. ಅಂದಾಜು 150ರಿಂದ 200 ಡಿಗ್ರಿ ಇದ್ದರೆ ಚೆನ್ನ.

ಮೊದಲು ಸೊಂಟ. ಅದೇ ಎಲ್ಲಕ್ಕಿಂತ ಬಿಗಿಯಾದ ತಿರುವು. ಪಟ್ಟಿಯ ಮೇಲೆ ಸೊಂಟದ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ, ಅಲ್ಲಿ ಒದ್ದೆ ಬಟ್ಟೆ ಒತ್ತಿ, ಪೈಪಿನ ಮೇಲಿಟ್ಟು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬಲ ಹಾಕಬೇಡಿ. ಕೈಯ ಭಾರ ಮಾತ್ರ ಇರಲಿ. ಮೊದಲು ಮರ ಬಿಗಿಯಾಗಿಯೇ ಇರುತ್ತದೆ. ಅಂಚಿನಿಂದ ಸಣ್ಣಗೆ ಹಬೆ ಬರುತ್ತದೆ, ಹಸಿ ಮರದ ವಾಸನೆ ಏಳುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಕೈಕೆಳಗೆ ಪಟ್ಟಿ ಸಡಿಲ ಬಿಟ್ಟಂತೆ ಗೊತ್ತಾಗುತ್ತದೆ. ಬರಹದಲ್ಲಿ ಇದನ್ನು ಹೇಳೋದು ಕಷ್ಟ, ಆದರೆ ಒಮ್ಮೆ ಕೈಗೆ ಸಿಕ್ಕರೆ ತಪ್ಪೋದಿಲ್ಲ. ಆಗ ಬಾಗಿಸಿ, ಬೇಕಾದ್ದಕ್ಕಿಂತ ಒಂಚೂರು ಜಾಸ್ತಿಯೇ ಬಾಗಿಸಿ. ಬಿಸಿ ತಾಗಿಸಿಕೊಂಡೇ ಕೆಲವು ಸೆಕೆಂಡ್ ಹಿಡಿದು, ಪೈಪಿನಿಂದ ಎತ್ತಿ ಗಾಳಿಯಲ್ಲಿ ಅದೇ ಆಕಾರದಲ್ಲಿ ಆರಲು ಬಿಡಿ. ಎಷ್ಟೇ ಚೆನ್ನಾಗಿ ಬಾಗಿಸಿದರೂ ಪಟ್ಟಿ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಆ ಜಾಸ್ತಿ.

ಹಬೆಗೆ ಕಾದ ಮರ ಒತ್ತಿದರೆ ಬಹಳ ಕುಗ್ಗುತ್ತದೆ, ಎಳೆದರೆ ನೂರಕ್ಕೆ ಒಂದೆರಡು ಭಾಗ ಮಾತ್ರ ಹಿಗ್ಗುತ್ತದೆ. ಅಂದರೆ ಮುರಿಯೋದು ಯಾವಾಗಲೂ ತಿರುವಿನ ಹೊರಮೈ. ಅಲ್ಲಿಗೆ ಒಂದು ತೆಳು ಸ್ಟೀಲ್ ಪಟ್ಟಿ ಬೆನ್ನಾಗಿ ಕೊಟ್ಟು, ಎರಡನ್ನೂ ಒಟ್ಟಿಗೆ ಹಿಡಿದು ಬಾಗಿಸಿದರೆ ಸಿಬಿರು ಏಳೋದು ಬಹಳ ಕಡಿಮೆ. ಸ್ಟೇನ್‌ಲೆಸ್ ಇರಲಿ. ಬರೀ ಕಬ್ಬಿಣ ಒದ್ದೆ ಮರಕ್ಕೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ.

ಎದೆ, ಹೊಟ್ಟೆಯ ತಿರುವುಗಳು ದೊಡ್ಡವು, ಸಲೀಸು. ಅಳತೆಗೆ ತಕ್ಕ ಚಿತ್ರವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಆಗಾಗ ಅದರ ಮೇಲಿಟ್ಟು ನೋಡುತ್ತಿರಿ. ಆಕಾರ ಹತ್ತಿರ ಬಂದ ಮೇಲೆ ನಿಮ್ಮ ಅಚ್ಚಿಗೆ ಕ್ಲಾಂಪ್ ಬಿಗಿದು ಪೂರ್ತಿ ಒಣಗೋ ತನಕ ಬಿಡಿ. ನಮ್ಮ ಮಳೆಗಾಲದಲ್ಲಿ ಎರಡು ಮೂರು ದಿನ ಬೇಕಾಗಬಹುದು. ಅವಸರ ಮಾಡಿ ಬಿಚ್ಚಿದರೆ ಅರಳಿಕೊಳ್ಳುತ್ತದೆ.

ಒಳಗಿನ ಅಂಚಿಗೆ ಹಚ್ಚುವ ಸಣ್ಣ ಪಟ್ಟಿ ಇರುತ್ತದಲ್ವಾ, ಮೇಲಿನ ಹಲಗೆ ಅಂಟಲು ಆಸರೆ ಕೊಡೋದು, ಅದಕ್ಕೆ ಬಿಸಿಯೇ ಬೇಡ. 5 ಮಿ.ಮೀ.ಗೊಂದು ಗರಗಸದ ಗೀರು ಹಾಕಿ, ತಳದಲ್ಲಿ 1 ಮಿ.ಮೀ. ಬಿಟ್ಟರೆ ಕೈಯಲ್ಲೇ ಬಾಗುತ್ತದೆ. ಅಂಟು ಹಚ್ಚಿ ಬಟ್ಟೆ ಕ್ಲಿಪ್ ಸಾಲಾಗಿ ಕಚ್ಚಿಸಿ.

ಬೆಂಕಿಯ ಸಹವಾಸವೇ ಬೇಡ ಅನ್ನೋದಾದರೆ 0.5 ಮಿ.ಮೀ. ವಿನೀರ್ (ಮರದ ತೆಳು ಹಾಳೆ) ಮೂರು ಪದರ ಅಂಟಿಸಿ ಅಚ್ಚಿಗೆ ಬಿಗಿಯಿರಿ. ಅಚ್ಚಿಗೆ ಮೊದಲು ಪ್ಯಾಕಿಂಗ್ ಟೇಪ್ ಸುತ್ತಿ, ಇಲ್ಲದಿದ್ದರೆ ಅಚ್ಚೂ ಪಟ್ಟಿಯೂ ಒಂದೇ ಆಗುತ್ತದೆ. ಮೊದಲ ವಾದ್ಯಕ್ಕೆ ಇದೇನೂ ಕಳ್ಳದಾರಿಯಲ್ಲ. ಆದರೆ ಪೈಪಿನ ಕೆಲಸದ ಮಜಾ ಇದರಲ್ಲಿಲ್ಲ, ಅದೂ ನಿಜ.

"ಸಿತಾರ್ ರಿಪೇರಿ ಮಾಡುವವರನ್ನು ಕೇಳಿದೆ, ಅವರಿಗೆ ಬಾಗಿಸೋದು ಗೊತ್ತಿಲ್ಲ" ಅಂತಲೂ ಬರೆದಿದ್ದೀರಿ. ಗೊತ್ತಿರಬೇಕು ಅಂತೇನೂ ಇಲ್ಲ. ನಮ್ಮ ತಂತಿವಾದ್ಯಗಳು ಹೆಚ್ಚಾಗಿ ಕೆತ್ತಿದ ವಾದ್ಯಗಳು. ಸರಸ್ವತಿ ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ತೋಡುತ್ತಾರೆ. 2024ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಮಿರಜಿನ ಸಿತಾರ್, ತಂಬೂರಿಗೆ ಒಣಗಿದ ಸೋರೆ ಜಾತಿಯ ಬುರುಡೆಯೇ ಹೊಟ್ಟೆ. ಹೋಳಿಯಲ್ಲಿ ನಮ್ಮೂರ ಬೀದಿಗೆ ಬರುವ ಜಗ್ಗಲಿಗೆಯನ್ನೇ ನೋಡಿ. ಚಕ್ಕಡಿ ಗಾಲಿಗೆ ಚರ್ಮ ಬಿಗಿದದ್ದು. ಆ ಗಾಲಿಯ ಮರ ಕೂಡ ಬಾಗಿಸಿದ್ದಲ್ಲ, ದುಂಡಗೆ ಕಡಿದ ತುಂಡುಗಳನ್ನು ಜೋಡಿಸಿದ್ದು. ಬಿಸಿಗೆ ಬಾಗಿಸೋದನ್ನು ಕಣ್ಣಾರೆ ನೋಡಬೇಕಂದರೆ ಬಿದಿರು ಕೆಲಸದ ಮೇದಾರರ ಹತ್ತಿರ ಹೋಗಿ ಕೂತುಕೊಳ್ಳಿ. ಬಿದಿರನ್ನು ಉರಿಯ ಮೇಲೆ ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಒತ್ತಬೇಕು ಅನ್ನೋ ಅಂದಾಜು ಅವರ ಕೈಯಲ್ಲಿದೆ. ಮರದ ಎಳೆಗಳ ಬಗ್ಗೆ ಕೇಳಬೇಕಂದರೆ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಬಡಿಗೇರರಿದ್ದಾರೆ, ದೂರವೇನಲ್ಲ.

ಕೊನೆಗೆ ನೀವು ಕೇಳಿದ ಕುಕ್ಕರ್ ಹಬೆ. 1.5 ಮಿ.ಮೀ. ಪಟ್ಟಿಗೆ ಅದರ ಅಗತ್ಯವೇ ಇಲ್ಲ. ಹಲಗೆ ವಾದ್ಯದ ದುಂಡು ಕಟ್ಟಿನಂಥ 5 ಮಿ.ಮೀ. ಮರಕ್ಕೆ ಬೇಕು. 12 ಇಂಚು ವ್ಯಾಸದ ಹಲಗೆಗೆ ಸುತ್ತಳತೆ 38 ಇಂಚು, ತುದಿಗಳನ್ನು ಇಳಿಜಾರು ಹೆರೆದು ಒಂದರ ಮೇಲೊಂದು ಅಂಟಿಸಲು ಇನ್ನೊಂದು 4 ಇಂಚು. ಹಬೆಪೆಟ್ಟಿಗೆಯಲ್ಲಿ (ಮರ ಇಟ್ಟು ಹಬೆ ಬಿಡುವ ಪೆಟ್ಟಿಗೆ) 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಅನ್ನೋದು ರೂಢಿಯ ಲೆಕ್ಕ. ಇದಕ್ಕೆ 15-20 ನಿಮಿಷ ಸಾಕು. ಕುಕ್ಕರಿನ ವೇಟ್ ತೆಗೆದು ಆ ನಳಿಕೆಗೆ ರಬ್ಬರ್ ಪೈಪ್ ಹಾಕಿ. ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಹಬೆ ಹೊರಹೋಗಲು ತೂತು ಇರಲೇಬೇಕು, ಎಲ್ಲೂ ಕಟ್ಟಿಕೊಳ್ಳಬಾರದು. ಪೆಟ್ಟಿಗೆಗೆ ಪಿವಿಸಿ ಪೈಪ್ ಬಳಸಿದರೆ ಹಬೆಗೆ ಜೋಲುತ್ತದೆ, ಮರದ ಪೆಟ್ಟಿಗೆಯೇ ವಾಸಿ. ಹೊರತೆಗೆದ ಮೇಲೆ ಒಂದು ನಿಮಿಷವೂ ಸಿಗೋದಿಲ್ಲ. ಅಚ್ಚು, ಕ್ಲಾಂಪ್, ಜೊತೆಗೆ ಇನ್ನೊಬ್ಬರ ಎರಡು ಕೈ ಮೊದಲೇ ಸಿದ್ಧ ಇರಲಿ.

ಪಟ್ಟಿಯ ದಪ್ಪ ಅಳೆದು ಇಲ್ಲೇ ಬರೆಯಿರಿ, ಮುರಿದ ಜಾಗದ ಫೋಟೋ ಇದ್ದರೆ ಅದನ್ನೂ ಹಾಕಿ. ಎಳೆ ಓರೆಯಿತ್ತಾ, ಬಿಸಿ ಸಾಲಲಿಲ್ವಾ ಅನ್ನೋದು ಮುರಿದ ಬಾಯಿ ನೋಡಿದರೆ ಗೊತ್ತಾಗುತ್ತದೆ.