ಬಿಡಿಭಾಗ ತಂದು ಮನೆಯಲ್ಲೇ ಕಟ್ಟುತ್ತಿರುವ ಲೋಟಸ್ ಸೆವೆನ್ (ಹಳೇ ಬ್ರಿಟಿಷ್ ಪುಟ್ಟ ಸ್ಪೋರ್ಟ್ಸ್ ಕಾರು) ಮಾದರಿಯ ಕಿಟ್ ಕಾರಿಗೆ ಎಂಜಿನ್ ಮೊದಲು ಇಳಿಸಿ, ಗೇರ್‌ಬಾಕ್ಸ್ ಆಮೇಲೆ ಕೆಳಗಿನಿಂದ ಜೋಡಿಸಿದರೆ ಒಬ್ಬನೇ ಮಾಡಬಹುದಾ?

ಬೇಡ. ಎರಡನ್ನೂ ನೆಲದ ಮೇಲೇ ಜೋಡಿಸಿ ಒಟ್ಟಿಗೆ ಇಳಿಸಿ. ನಿಮ್ಮದು ಲೋಟಸ್ ಸೆವೆನ್ ಮಾದರಿಯ ಚಾಸಿ ಅಂತೀರಿ. ಗೇರ್‌ಬಾಕ್ಸ್ ಕೂರುವ ಅದರ ನಡುವಿನ ಟನೆಲ್ ಎಷ್ಟು ಇಕ್ಕಟ್ಟು ಅಂದರೆ, ಬೆಲ್‌ಹೌಸಿಂಗಿನ (ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಗಂಟೆಯಾಕಾರದ ಕವಚ) ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಕೈಯೇ ತೂರಲ್ಲ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದಾಗ ನಾನೂ ಇಂಥದ್ದೇ ಒಂದು ಕಟ್ಟಿದೆ. ಹಳೇ ಫೋರ್ಡ್ ಸಿಯೆರಾದ 2 ಲೀಟರ್ ಪಿಂಟೊ ಎಂಜಿನ್, ಅದರದ್ದೇ ಟೈಪ್ 9 ಗೇರ್‌ಬಾಕ್ಸ್. ಬಾಡಿಗೆ ಕ್ರೇನಿನಲ್ಲಿ ಎತ್ತಿ, ಗೇರ್‌ಬಾಕ್ಸಿನ ಬಾಲ ತಗ್ಗಿಸಿ, ಟನೆಲ್ಲಿನೊಳಗೆ ಸರಿಸಿದ್ದಾಯಿತು. ರೇಡಿಯೇಟರ್, ವೈರಿಂಗ್, ಎಕ್ಸಾಸ್ಟ್ ಎಲ್ಲ ಮುಗಿಸಿ ಸ್ಟಾರ್ಟ್ ಮಾಡಿದರೆ ಎಂಜಿನ್ ಗುಡುಗಿತು. ಕ್ಲಚ್ ಒತ್ತಿ ರಿವರ್ಸ್ ಹಾಕಿದೆ. ಕರ್‌ರ್ ಅಂತ ಸದ್ದು, ಗೇರ್ ಬೀಳಲೇ ಇಲ್ಲ.

ಸಿಯೆರಾದ ಕ್ಲಚ್ ಕೇಬಲ್ಲಿನದು, ಹಾಗಾಗಿ ನನ್ನ ಅನುಮಾನವೆಲ್ಲ ಕೇಬಲ್ ಮೇಲೆ. ಬಿಗಿ ಮಾಡಿದೆ, ಹೊಸದು ತಂದೆ, ಪೆಡಲ್ಲಿನ ಬ್ರಾಕೆಟ್ಟಿಗೆ ವೆಲ್ಡಿಂಗ್ ಕೂಡ ಮಾಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಕಟ್ಟಿದ್ದನ್ನೆಲ್ಲ ಬಿಚ್ಚಿ ಹೊರಗೆ ತೆಗೆದು ನೋಡಿದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಪ್ಲೇಟ್ ತಿರುಗುಮುರುಗಾಗಿ ಕೂತಿತ್ತು!

ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಪ್ಲೇಟಿನ ಎರಡು ಮುಖ ಒಂದೇ ಥರ ಇರಲ್ಲ. ಸ್ಪ್ರಿಂಗುಗಳಿರುವ ನಡುಭಾಗ ಒಂದು ಕಡೆ ಉಬ್ಬಿರುತ್ತೆ. ನನ್ನದರಲ್ಲಿ ಆ ಉಬ್ಬು ಗೇರ್‌ಬಾಕ್ಸಿನ ಕಡೆಗಿರಬೇಕಿತ್ತು. ನಾನು ಅದನ್ನು ಫ್ಲೈವೀಲಿಗೆ (ಎಂಜಿನ್ನಿನ ಹಿಂತುದಿಯ ಭಾರದ ಚಕ್ರ) ಮುಖ ಮಾಡಿ ಕೂರಿಸಿದ್ದೆ. ಮಜಾ ಏನೆಂದರೆ ಪ್ಲೇಟನ್ನು ಸರಿಯಾಗಿ ನಡುವಿಗೆ ತರುವ ಸೆಂಟರಿಂಗ್ ಟೂಲ್ ಎರಡೂ ಕಡೆಯಿಂದ ಸಲೀಸಾಗಿ ಹೋಗುತ್ತೆ, ಪ್ಲೇಟನ್ನು ಒತ್ತಿ ಹಿಡಿಯುವ ಕವರಿನ ಬೋಲ್ಟೂ ಬಿಗಿಯಾಗುತ್ತೆ, ಯಾವುದೂ ತಕರಾರು ಮಾಡಲ್ಲ. ಪ್ಲೇಟಿನ ಮೇಲೆ ಸಣ್ಣಕ್ಷರದಲ್ಲಿ ‘ಫ್ಲೈವೀಲ್ ಸೈಡ್’ ಅಂತ ಬರೆದೇ ಇತ್ತು, ನಾನು ಓದಿರಲಿಲ್ಲ. ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿಸುವ ಬೋಲ್ಟುಗಳ ತಲೆ ಆ ಉಬ್ಬಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುವ ಬಳೆಯಂಥ ಗೆರೆ ಬಿದ್ದಿತ್ತು. ಪೆಡಲ್ ಎಷ್ಟೇ ಒತ್ತಿದರೂ ಪ್ಲೇಟ್ ಬಿಡುಗಡೆ ಆಗುವ ಹಾಗೇ ಇರಲಿಲ್ಲ. ಹೊಸ ಪ್ಲೇಟ್, ಹೊಸ ಗ್ಯಾಸ್ಕೆಟ್, ಮತ್ತೆ ಕ್ರೇನ್ ಬಾಡಿಗೆ. ಇಂಥ ಕಾರು ರಸ್ತೆಗಿಳಿಯುವ ಮುಂಚೆ ಅಲ್ಲಿ ಪಾಸಾಗಬೇಕಾದ ಐವಿಎ ತಪಾಸಣೆಯ ತಾರೀಖೂ ಕೈತಪ್ಪಿ, ಆ ಬೇಸಿಗೆಯೆಲ್ಲ ಕಾರು ಗ್ಯಾರೇಜಿನಲ್ಲೇ.

ಅದಕ್ಕೇ ಹೇಳೋದು, ಪರೀಕ್ಷೆ ನೆಲದ ಮೇಲೇ ಆಗಲಿ. ಕವರ್ ಹಾಕುವ ಮುಂಚೆ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿದು ಕೈಯಲ್ಲಿ ತಿರುಗಿಸಿ. ನಡುವೆ ಎಲ್ಲೂ ತಾಗಬಾರದು. ಜೋಡಿಸಿದ ಮೇಲೆ ಗೇರ್ ಹಾಕಿ, ಒಬ್ಬರು ಉದ್ದನೆಯ ರಾಡಿನಿಂದ ಕ್ಲಚ್ ಫೋರ್ಕ್ (ಕ್ಲಚ್ ಬಿಡಿಸುವ ಸನ್ನೆ) ಒತ್ತಲಿ, ಇನ್ನೊಬ್ಬರು ಗೇರ್‌ಬಾಕ್ಸಿನ ಹಿಂದಿನ ಶಾಫ್ಟ್ ತಿರುಗಿಸಲಿ. ಎಂಜಿನ್ ಅಲುಗದೆ ಶಾಫ್ಟ್ ಮಾತ್ರ ತಿರುಗಿದರೆ ಕ್ಲಚ್ ಸರಿ. ಬೆಲ್‌ಹೌಸಿಂಗ್ ಎಂಜಿನ್ನಿಗೆ ಪೂರ್ತಿ ಕೂರದೆ ಸಂದಿ ಉಳಿದರೆ ಬೋಲ್ಟಿನಿಂದ ಎಳೆಯೋಕೆ ಹೋಗಬೇಡಿ, ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಮುರಿಯುತ್ತೆ. ಹಿಂದಕ್ಕೆ ತೆಗೆದು, ಶಾಫ್ಟ್ ಸ್ವಲ್ಪ ತಿರುಗಿಸಿ ಮತ್ತೆ ತಳ್ಳಿ.

ಗೇರ್ ಆಯಿಲ್ ಮೊದಲೇ ತುಂಬಿ, ಆಮೇಲೆ ಆ ಪ್ಲಗ್ ಕೈಗೆ ಸಿಗಲ್ಲ. ಆದರೆ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ (ಹಿಂದಿನ ಚಕ್ರಗಳ ಕಡೆಗೆ ಹೋಗುವ ದಂಡ) ಯೋಕ್, ಅಂದರೆ ಅದರ ಮುಂತುದಿ, ಸಿಕ್ಕಿಸದೆ ಬಾಲ ತಗ್ಗಿಸಿದರೆ ಆಯಿಲ್ ಎಲ್ಲ ನೆಲಕ್ಕೆ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂರೋದರಿಂದ ಚಾಸಿಗೆ ದಪ್ಪನೆಯ ಅರ್ಥ್ ವೈರ್ ಬೇಕೇ ಬೇಕು. ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಲ್ಲಿ ಹರಿದು ಅದನ್ನೇ ಸುಟ್ಟೀತು.

ಇನ್ನು ‘ಒಬ್ಬನೇ’ ಅನ್ನೋದು. ಕ್ರೇನಿನ ಹತ್ತಿರ ಒಬ್ಬರು, ಟನೆಲ್ಲಿನ ಹತ್ತಿರ ಒಬ್ಬರು ಇರಲೇಬೇಕು. ಪಕ್ಕದ ಮನೆಯವರನ್ನು ಕರೀರಿ, ಊಟ ಹಾಕಿದರೆ ಯಾರೂ ಇಲ್ಲ ಅನ್ನಲ್ಲ.