ಬಾಡಿಗೆ ಮನೆಯಲ್ಲಿರುವವರೂ ಎಸ್‌ಡಿಎಂಸಿ ಚುನಾವಣೆಗೆ ಹೋಗಬೇಕಾ?

ಹೋಗಲೇಬೇಕು. ಎಸ್‌ಡಿಎಂಸಿ ಅಂದರೆ ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನೀವು ಕೊಡಗಿನ ಕುಟ್ಟದ ಕಡೆಗೆ ಹೊಸದಾಗಿ ಬಂದವರು, ಇಲ್ಲಿನ ಓಟರ್ ಲಿಸ್ಟಿನಲ್ಲಿ ಹೆಸರಿಲ್ಲ, ಊರವರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕಿದೆ. ಶಾಲೆಯ ಚುನಾವಣೆಗೆ ಆ ಲಿಸ್ಟೇ ಬೇಡ. ಮಗು ಆ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ ಸಾಕು, ನೀವು ಮತ ಹಾಕಬಹುದು, ಸದಸ್ಯರಾಗಿ ನಿಲ್ಲಲೂಬಹುದು. ತಲೆಮಾರಿನಿಂದ ಬಂದ ಜಮ್ಮಾ ಭೂಮಿ ಇರುವವರಿಗೂ ತೋಟದ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆಯವರಿಗೂ ಅಲ್ಲಿ ಒಂದೇ ಬೆಲೆ. ನಮ್ಮ ಕಡೆ ಅಂಥ ಜಾಗ ಜಾಸ್ತಿ ಇಲ್ಲ.

ಈ ಸಮಿತಿ ಕರ್ನಾಟಕಕ್ಕೆ ಬಂದದ್ದು 2001ರಲ್ಲಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ಇನ್ನಷ್ಟು ಬಲ ಕೊಟ್ಟಿತು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು, ಬಡವರ ಮತ್ತು ಹಿಂದುಳಿದವರ ಮಕ್ಕಳು ಎಷ್ಟಿದ್ದಾರೋ ಅದಕ್ಕೆ ತಕ್ಕಂತೆ ಅವರ ತಂದೆತಾಯಿಗೂ ಜಾಗ ಸಿಗಬೇಕು. ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ನೋಡುವುದು, ಶಾಲೆಗೆ ಏನೇನು ಬೇಕು ಅಂತ ಯೋಜನೆ ಮಾಡುವುದು ಇವರ ಕೆಲಸ. ಅನುದಾನರಹಿತ ಖಾಸಗಿ ಶಾಲೆಗೆ ಈ ನಿಯಮ ಇಲ್ಲ.

ಈಗ ನಮ್ಮೂರಿನ ವಿಷಯ. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹೇಗೆ ಹೊಡೆಯುತ್ತದೆ ಅಂತ ನೀವೂ ನೋಡಿರುತ್ತೀರಿ. ಹೆಂಚು ಒಡೆದಿದ್ದರೆ, ಶೌಚಾಲಯಕ್ಕೆ ಬಾಗಿಲಿಲ್ಲದಿದ್ದರೆ, ಮಕ್ಕಳು ದಾಟುವ ತೋಡಿಗೆ ಸೇತುವೆ ಇಲ್ಲದಿದ್ದರೆ ಅದನ್ನು ಮಳೆಗೆ ಮುಂಚೆಯೇ ಯಾರಾದರೂ ಸಭೆಯಲ್ಲಿ ಎತ್ತಬೇಕು. ಆನೆ ಓಡಾಡುವ ದಾರಿಯಲ್ಲಿ ಬೆಳಿಗ್ಗೆ ಯಾವ ಮಕ್ಕಳು ನಡೆದು ಬರುತ್ತಾರೆ ಅನ್ನುವುದು ಲೈನ್ ಮನೆಯ ತಾಯಿಗೆ ಗೊತ್ತು. ಮಕ್ಕಳನ್ನು ವ್ಯಾನಿನಲ್ಲಿ ಪೇಟೆಯ ಶಾಲೆಗೆ ಕಳಿಸುವ ಸಾಹುಕಾರರಿಗೆ ಅದು ಗೊತ್ತಿರುವುದಿಲ್ಲ, ಅವರದು ತಪ್ಪೂ ಅಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಎಷ್ಟೋ ಸಂಸಾರಗಳು ಬೇರೆ ಕಡೆ ಹೋಗುತ್ತವೆ, ಹಾಜರಿ ಪುಸ್ತಕದಲ್ಲಿ ಹೆಸರು ಕಮ್ಮಿಯಾಗುತ್ತದೆ. ಮಕ್ಕಳು ಕಮ್ಮಿಯಾದ ಶಾಲೆಯಲ್ಲಿ ಟೀಚರೂ ಕಮ್ಮಿಯಾಗುತ್ತಾರೆ. ಇದನ್ನು ಹಿಡಿದು ಕೇಳುವವರು ಒಳಗೆ ಇರಲೇಬೇಕಲ್ವಾ?

ಆದರೆ ನಡೆಯುವುದು ಹೇಗೆಂದರೆ, ಹಗಲು ಹನ್ನೊಂದು ಗಂಟೆಗೆ ಸಭೆ ಕರೆಯುತ್ತಾರೆ, ಬಂದ ನಾಲ್ಕು ಜನ ಯಾರದೋ ಹೆಸರು ಹೇಳುತ್ತಾರೆ, ಅವಿರೋಧ ಆಯ್ಕೆ ಅಂತ ಬರೆದು ಮುಗಿಸುತ್ತಾರೆ. ಉಳಿದವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅರ್ಧ ದಿನ ರಜೆ ಹಾಕಿದರೆ ಅವರ ಕೂಲಿ ಹೋಗುತ್ತದೆ. ಇನ್ನೊಂದು ಕಷ್ಟ ಭಾಷೆಯದು. ಒಂದೇ ತರಗತಿಯಲ್ಲಿ ಕೊಡವ, ಮಲಯಾಳ, ತಮಿಳು, ತುಳು, ಯರವ, ಜೇನುಕುರುಬ ಮನೆಗಳ ಮಕ್ಕಳಿರಬಹುದು, ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕುಟ್ಟ ದಾಟಿ ತೋಲ್ಪೆಟ್ಟಿಗೆ ಹೋದರೆ ಕೇರಳದ ವಯನಾಡು, ಗಡಿ ಅಂದರೆ ಹೀಗೇ. ಮಕ್ಕಳು ಬೇಗ ಕನ್ನಡ ಕಲಿಯುತ್ತಾರೆ, ತಾಯಂದಿರು ಮಾತ್ರ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಾರೆ. ನನಗೆ ತುಂಬ ಬೇಜಾರಾಗುವುದು ಇದಕ್ಕೇ. ಪಕ್ಕದಲ್ಲಿ ಕೂತವರು ಎರಡು ಮಾತು ಅವರ ಭಾಷೆಯಲ್ಲಿ ಹೇಳಿದರೆ ಅವರೂ ಬಾಯಿ ಬಿಡುತ್ತಾರೆ.

ಹಾಗಾಗಿ ನೀವು ಮೊದಲು ಹೆಡ್‌ಮಾಸ್ಟರ್ ಹತ್ತಿರ ಹೋಗಿ ಸಭೆ ಯಾವತ್ತು ಅಂತ ಕೇಳಿ. ಸಮಿತಿಗೆ ಕಾರ್ಯದರ್ಶಿ ಅವರೇ. ತೋಟದ ಕೆಲಸ ಬಿಟ್ಟ ಮೇಲೆ, ಸಂಜೆ ಹೊತ್ತಿಗೆ ಇಡಲು ಆಗುತ್ತಾ ಅಂತಲೂ ಕೇಳಿ, ಒಬ್ಬರೇ ಕೇಳುವುದಕ್ಕಿಂತ ನಾಲ್ಕೈದು ಮನೆಯವರು ಸೇರಿ ಹೋದರೆ ಒಳ್ಳೆಯದು. ಪಕ್ಕದ ಲೈನಿನ ತಾಯಂದಿರನ್ನೂ ಕರೆದುಕೊಂಡು ಹೋಗಿ.